ಕುತ್ತಿಗೆ ಉದ್ದವಾದ ಲೋಳೆಸರಕ್ಕೆ ಹೊಸ ಕುಂಡ

ಕಾರವಾರದ ನಮ್ಮ ಬಾಡಿಗೆ ಮನೆಯ ಅಡುಗೆಮನೆ ಕಿಟಕಿ ಉತ್ತರಕ್ಕಿದೆ. ಎರಡು ವರ್ಷ ಅಲ್ಲೊಂದು ಲೋಳೆಸರ ಇತ್ತು. ಶಿರಸಿ ಕಡೆಯ ತವರಿನಿಂದ ಬರುವಾಗ ಅಮ್ಮ ಅಡಿಕೆ ಹಾಳೆಯಲ್ಲಿ ಸುತ್ತಿ ಕೊಟ್ಟ ಮರಿ. ಬಂದಾಗ ಗೇಣುದ್ದ, ಎಲೆ ಒಂದೊಂದೂ ಹೆಬ್ಬೆರಳಿನಷ್ಟು ದಪ್ಪ. ಎರಡನೇ ಮಳೆಗಾಲ ಶುರುವಾಗುವ ಹೊತ್ತಿಗೆ ಅದರ ಕಾಂಡ ಒಂದೂವರೆ ಗೇಣು ಬೋಳಾಗಿತ್ತು. ತುದಿಯಲ್ಲಷ್ಟೇ ಏಳೆಂಟು ತೆಳು ಎಲೆ. ಇಡೀ ಗಿಡ ಕುಂಡದ ಅಂಚಿಗೆ ಒರಗಿ, ಕಿಟಕಿ ಸರಳಿನಾಚೆ ತಲೆ ಹಾಕಿ, ಬಸ್ಸು ಬಂತಾ ಎಂದು ಇಣುಕುವವರ ಹಾಗೆ ನಿಂತಿತ್ತು.

ನನಗೆ ಆಗ ಹೊಳೆದದ್ದು ಒಂದೇ, ಕುಂಡ ಸಣ್ಣದಾಯಿತು ಅಂತ. ಬಕೆಟ್ಟಿನಷ್ಟು ದೊಡ್ಡ ಪ್ಲಾಸ್ಟಿಕ್ ಕುಂಡ ತಂದೆ. ಊರಿಂದ ತಂದ ಸಗಣಿ ಗೊಬ್ಬರ ಧಾರಾಳವಾಗಿ ಸುರಿದೆ. ಜುಲೈ ತಿಂಗಳು, ಹೊರಗೆ ಜಡಿಮಳೆ. ಆದರೂ ಹೊಸದಾಗಿ ನೆಟ್ಟ ಗಿಡ ಅಲ್ವಾ ಎಂದು ದಿನಾ ಒಂದು ಚೊಂಬು ನೀರು. ಹನ್ನೆರಡನೇ ದಿನ ಗಿಡ ತಾನಾಗಿಯೇ ವಾಲಿತು. ಎತ್ತಿದರೆ ಬುಡ ಕೊಳೆತ ಬಾಳೆಹಣ್ಣಿನ ಹಾಗೆ ಬೆರಳಿಗೆ ಮೆತ್ತಿಕೊಂಡಿತು. ವಾಸನೆ ಬೇರೆ. ಮೇಲಿನ ಭಾಗ ಮಾತ್ರ ಇನ್ನೂ ಗಟ್ಟಿಯಿತ್ತು. ಅದನ್ನು ಕತ್ತರಿಸಿ ಉಳಿಸಿಕೊಂಡೆ. ಆ ತುಂಡೇ ಇವತ್ತು ನಮ್ಮ ಬಾಲ್ಕನಿಯಲ್ಲಿ ಮೂರು ಮರಿ ಹಾಕಿಕೊಂಡು ಕೂತಿದೆ. ಆಮೇಲೆ ಅಮ್ಮನ ಮನೆಯ ಗಿಡಕ್ಕೂ, ಪಕ್ಕದ ಮನೆಯ ಎರಡು ಗಿಡಕ್ಕೂ ಇದೇ ಆಪರೇಷನ್ ಮಾಡಿದ್ದೇನೆ. ಕೆಳಗೆ ಬರೆದದ್ದು ಈ ನಾಲ್ಕು ಗಿಡಗಳು ಕಲಿಸಿದ್ದು.

ಮೊದಲು, ಯಾಕೆ ಉದ್ದವಾಯಿತು ಅಂತ ನೋಡಿ

ಲೋಳೆಸರ ಅರಬಸ್ತಾನದ ಗಿಡ. ನಮ್ಮ ಸಮುದ್ರದ ಆಚೆ ದಡದ್ದು. ಭಟ್ಕಳದ ಹುಡುಗರು ದುಡಿಯಲು ಹೋಗುವ ಊರುಗಳ ಕಡೆಯದು ಅನ್ನಿ. ಮಸ್ಕತ್ತಿನಲ್ಲಿ ವರ್ಷವಿಡೀ ಬೀಳುವ ಮಳೆ 100 ಮಿಲಿಮೀಟರಿನ ಆಸುಪಾಸು. ಕಾರವಾರದಲ್ಲಿ ಜುಲೈನ ಒಂದೇ ದಿನ ಅಷ್ಟು ಸುರಿಯುವುದುಂಟು. ವರ್ಷದ ಲೆಕ್ಕ 3000 ಮಿಲಿಮೀಟರಿನ ಹತ್ತಿರ ಹೋಗುತ್ತದೆ. ಅಂಥ ಒಣ ನೆಲದ ಗಿಡವನ್ನು ಇಂಥ ನೀರಿನ ಊರಿಗೆ ತಂದಿಟ್ಟಿದ್ದೇವೆ.

ಒಣ ನೆಲದಲ್ಲಿ ಬದುಕಲು ಅದು ಒಂದು ಉಪಾಯ ಮಾಡಿಕೊಂಡಿದೆ. ಹಗಲು ಎಲೆಯ ಸಣ್ಣ ರಂಧ್ರಗಳನ್ನು ಮುಚ್ಚಿಕೊಂಡಿರುತ್ತದೆ. ರಾತ್ರಿ ತಂಪಾದ ಮೇಲೆ ತೆರೆದು ಗಾಳಿ ಎಳೆದುಕೊಳ್ಳುತ್ತದೆ. ಎಳೆದುಕೊಂಡ ಇಂಗಾಲವನ್ನು ಹುಳಿಯ ರೂಪದಲ್ಲಿ ಎಲೆಯೊಳಗೆ ಕೂಡಿಟ್ಟು, ಮಾರನೇ ದಿನ ಬಿಸಿಲು ಬಂದಾಗ ಆಹಾರ ಮಾಡಿಕೊಳ್ಳುತ್ತದೆ. ಹೀಗಾಗಿ ಅದಕ್ಕೆ ನೀರಿನ ಖರ್ಚು ಬಹಳ ಕಡಿಮೆ. ಬಿಸಿಲು ಮಾತ್ರ ಬೇಕೇ ಬೇಕು. ನಾವು ಮಾಡುವುದು ಸರಿ ಉಲ್ಟಾ. ನೆರಳಲ್ಲಿಡುತ್ತೇವೆ, ನೀರು ಹಾಕುತ್ತೇವೆ. ಬೆಳಕು ಸಾಲದ ಗಿಡ ಬೆಳಕು ಹುಡುಕಿಕೊಂಡು ಉದ್ದವಾಗುತ್ತದೆ.

ಆದರೆ ಉದ್ದವಾದ ಲೋಳೆಸರ ಎಲ್ಲವೂ ಬೆಳಕು ಸಾಲದೆ ಉದ್ದವಾದದ್ದಲ್ಲ. ಎಲೆ ತೆಳ್ಳಗೆ, ಬಣ್ಣ ಪೇಲವ, ಎಲೆಗಳ ನಡುವೆ ಕಾಂಡ ಕಾಣುವಷ್ಟು ಜಾಗ, ಇಡೀ ಗಿಡ ಒಂದೇ ದಿಕ್ಕಿಗೆ ವಾಲಿದೆ ಎಂದರೆ ಬೆಳಕಿನ ತೊಂದರೆ. ನನ್ನದು ಅದೇ. ಅಮ್ಮನ ಗಿಡದ ಕಥೆ ಬೇರೆ. ಆರೇಳು ವರ್ಷದ ಗಿಡ, ತಲೆಗೆ ಹಚ್ಚಲೆಂದು ಕೆಳಗಿನ ಎಲೆ ಒಂದೊಂದೇ ಕೊಯ್ದು ಕೊಯ್ದು ಕಾಂಡ ಅಡಿಕೆ ಮರದ ಹಾಗೆ ಬೋಳಾಗಿತ್ತು. ತುದಿಯ ಎಲೆಗಳು ಮಾತ್ರ ಕೈಯಗಲ, ಗಟ್ಟಿಮುಟ್ಟು. ಅದು ರೋಗವಲ್ಲ, ವಯಸ್ಸು. ಎರಡಕ್ಕೂ ಮಾಡುವ ಕೆಲಸ ಒಂದೇ. ಆದರೆ ಮೊದಲನೆಯದಕ್ಕೆ ಜಾಗವನ್ನೂ ಬದಲಿಸಬೇಕು. ಇಲ್ಲದಿದ್ದರೆ ಮುಂದಿನ ವರ್ಷ ಮತ್ತೆ ಅಲ್ಲಿಗೇ ಬರುತ್ತದೆ.

ಇನ್ನೊಂದು ಮಾತು. ಗದ್ದೆ ಬೇಲಿಯ ಕತ್ತಾಳೆಯನ್ನು ಲೋಳೆಸರ ಎಂದು ಕುಂಡದಲ್ಲಿ ಸಾಕಿದವರನ್ನು ನೋಡಿದ್ದೇನೆ. ಎಲೆ ಮುರಿದು ನೋಡಿ. ನಾರು ನಾರಾಗಿ ಬಂದರೆ, ತುದಿಯಲ್ಲಿ ಮರದಂಥ ಗಟ್ಟಿ ಮುಳ್ಳಿದ್ದರೆ ಕತ್ತಾಳೆ. ಸಲೀಸಾಗಿ ಮುರಿದು ಒಳಗೆ ನೀರು ನೀರಾದ ಲೋಳೆ ಬಂದರೆ ನಮ್ಮದು. ಮರಿಗಿಡದ ಎಲೆ ಮೇಲೆ ಬಿಳಿ ಚುಕ್ಕೆಯಿದ್ದರೆ ಹೆದರಬೇಡಿ, ಅದು ಸಹಜ.

ಯಾವಾಗ ಮಾಡಬೇಕು

ಮಳೆಗಾಲದಲ್ಲಿ ಖಂಡಿತ ಬೇಡ. ನಾನು ಜುಲೈನಲ್ಲಿ ಕತ್ತರಿಸಿದ್ದು ಬೇರೆ ದಾರಿಯಿಲ್ಲದೆ. ಚೌತಿ ಮುಗಿಯಲಿ, ನವರಾತ್ರಿ ಮುಗಿಯಲಿ, ಚಿತ್ತೆ ಮಳೆ ಬಂದು ಹೋಗಲಿ. ಅಕ್ಟೋಬರ್ ಕೊನೆಯಿಂದ ಫೆಬ್ರವರಿವರೆಗೆ ನಮ್ಮ ಕಡೆಗೆ ಒಳ್ಳೆಯ ಕಾಲ. ಗಾಳಿ ಒಣಗಿರುತ್ತದೆ, ಬಿಸಿಲು ಸುಡುವುದಿಲ್ಲ. ಬೇರು ಹಿಡಿದು ಗಟ್ಟಿಯಾಗಲು ಮುಂದಿನ ಮಳೆಗಾಲಕ್ಕೆ ಮೊದಲು ನಾಲ್ಕಾರು ತಿಂಗಳು ಸಿಗುತ್ತದೆ. ಏಪ್ರಿಲ್, ಮೇನಲ್ಲೂ ಆಗುತ್ತದೆ. ಆದರೆ ಬೇರು ಕೂತಿತು ಅನ್ನುವಷ್ಟರಲ್ಲಿ ಮಿರ್ಗ, ಅಂದರೆ ಜೂನ್ ಮೊದಲ ಭಾಗದ ಮೃಗಶಿರ ಮಳೆ, ಬಂದುಬಿಡುತ್ತದೆ.

ದಿನ ಗೊತ್ತು ಮಾಡಿದ ಮೇಲೆ ಅದಕ್ಕೆ ಹತ್ತು ದಿನ ಮೊದಲೇ ನೀರು ನಿಲ್ಲಿಸಿ. ಮಣ್ಣು ಒಣಗಿದರೆ ಗಿಡ ಕುಂಡದಿಂದ ಸಲೀಸಾಗಿ ಬರುತ್ತದೆ. ಬೇರು ಹರಿದರೂ ಗಾಯ ಬೇಗ ಒಣಗುತ್ತದೆ.

ಕತ್ತರಿಸಬೇಕಾ, ಹೂತರೆ ಸಾಕಾ?

ಬೋಳು ಕಾಂಡದ ಪಕ್ಕ ನಾಲ್ಕು ಬೆರಳು ಅಡ್ಡ ಇಟ್ಟು ನೋಡಿ. ಅಷ್ಟರೊಳಗಿದ್ದರೆ ಕತ್ತರಿಸುವ ತಂಟೆ ಬೇಡ. ಗಿಡವನ್ನು ಬೇರು ಸಮೇತ ಎತ್ತಿ, ಒಣ ಎಲೆ ಬಿಡಿಸಿ, ಕೆಳಗಿನ ಎಲೆ ಮಣ್ಣಿಗೆ ತಾಗುವಷ್ಟು ಆಳಕ್ಕೆ ನೆಟ್ಟುಬಿಡಿ. ಹೂತ ಕಾಂಡದಿಂದಲೇ ಹೊಸ ಬೇರು ಬರುತ್ತದೆ.

ಅದಕ್ಕಿಂತ ಉದ್ದವಿದ್ದರೆ ಕತ್ತರಿಸಲೇಬೇಕು. ಒಂದೂವರೆ ಗೇಣು ಕಾಂಡ ಹೂಳಲು ಕೊಡಪಾನದಷ್ಟು ಆಳದ ಕುಂಡ ಬೇಕು. ಆಳದ ಕುಂಡದ ತಳದಲ್ಲಿ ತೇವ ವಾರಗಟ್ಟಲೆ ಆರುವುದಿಲ್ಲ. ನಾನು ಗಿಡ ಕೊಳೆಸಿದ್ದು ಹಾಗೆಯೇ.

ಚಾಕು ಹರಿತವಾಗಿರಲಿ. ಒಂದೇ ಎಳೆತಕ್ಕೆ ಕತ್ತರಿಸುವಂತಿರಬೇಕು. ಮೊಂಡು ಚಾಕು ಕಾಂಡವನ್ನು ಜಜ್ಜುತ್ತದೆ. ಕತ್ತರಿಸುವ ಮೊದಲು ಅಲಗನ್ನು ಸ್ಪಿರಿಟ್ಟಿನಲ್ಲಿ ಒರೆಸಿ, ಸ್ಪಿರಿಟ್ ಇಲ್ಲದಿದ್ದರೆ ಕುದಿಯುವ ನೀರಿನಲ್ಲಿ ಅದ್ದಿ ಒಣಗಿಸಿ. ಅಮ್ಮ ಮಾತ್ರ ಮೆಟ್ಟುಗತ್ತಿಯ ಮುಂದೆ ಕೂತು, ಹಲಸಿನಕಾಯಿ ಹೆಚ್ಚುವಂತೆ ಗಿಡವನ್ನೇ ಎರಡೂ ಕೈಯಲ್ಲಿ ಹಿಡಿದು ಸರ್ ಎಂದು ಎಳೆದಳು. ಚಂದ ಕತ್ತರಿಸಿತು. ನಿಮಗೆ ಅಭ್ಯಾಸವಿಲ್ಲದಿದ್ದರೆ ಬೇಡ.

ಎಲ್ಲಿ ಕತ್ತರಿಸುವುದು? ತುದಿಯ ಎಲೆ ಗೊಂಚಲಿನ ಕೆಳಗೆ ಎರಡರಿಂದ ಮೂರು ಇಂಚು ಕಾಂಡ ಉಳಿಯಬೇಕು. ಕಾಂಡದ ಮೇಲೆ ಅಲ್ಲಲ್ಲಿ ಗಾಳಿಬೇರು ಮೂಡಿದ್ದರೆ ಅದೃಷ್ಟ, ಅದರ ಕೆಳಗೆ ಕತ್ತರಿಸಿ. ಎಲೆಗಳು ತೀರಾ ಕೆಳಗಿನವರೆಗೂ ಇದ್ದರೆ ಕೆಳಗಿನ ಮೂರ್ನಾಲ್ಕನ್ನು ಪಕ್ಕಕ್ಕೆ ಎಳೆದು ಬಿಡಿಸಿ ಕಾಂಡ ಮಾಡಿಕೊಳ್ಳಿ.

ಕತ್ತರಿಸಿದ ಮುಖವನ್ನು ಬೆಳಕಿಗೆ ಹಿಡಿದು ನೋಡಿ. ಈ ಒಂದು ನಿಮಿಷ ಮುಖ್ಯ. ಒಳಗೆ ಎಳೆ ಬಾಳೆದಿಂಡಿನಂತೆ ಬಿಳಿಯಾಗಿ, ಗಟ್ಟಿಯಾಗಿ ಇರಬೇಕು. ತುಸು ಹಸಿರು ಛಾಯೆ ಇದ್ದರೂ ಸರಿ. ಕಂದು ಉಂಗುರವೋ ಕಪ್ಪು ಚುಕ್ಕೆಯೋ ಕಂಡರೆ ಕೊಳೆ ಅಲ್ಲಿವರೆಗೆ ಏರಿದೆ ಎಂದರ್ಥ. ಚಾಕು ಮತ್ತೆ ಒರೆಸಿ ಅರ್ಧ ಇಂಚು ಮೇಲೆ ಕತ್ತರಿಸಿ. ಪೂರ್ತಿ ಬಿಳಿ ಮುಖ ಸಿಗುವವರೆಗೆ ಕತ್ತರಿಸುತ್ತಲೇ ಹೋಗಬೇಕು. ಜುಲೈನಲ್ಲಿ ನನ್ನ ಗಿಡಕ್ಕೆ ಐದು ಸಲ ಕತ್ತರಿಸಿದ್ದೆ. ಕೊನೆಗೆ ಉಳಿದದ್ದು ಎರಡು ಬೆರಳು ಕಾಂಡ ಮತ್ತು ಆರು ಎಲೆ. ಸ್ವಲ್ಪ ಕಂದು ಇದ್ದರೆ ಏನಾಗುತ್ತದೆ ಎಂದು ಕರುಣೆ ತೋರಿಸಿದರೆ ಉಳಿದದ್ದೂ ಹೋಗುತ್ತದೆ.

ಒಂದು ಎಲೆ ಕಿತ್ತು ನೆಟ್ಟರೆ ಗಿಡವಾಗುತ್ತದೆ ಎಂದು ವಿಡಿಯೊಗಳಲ್ಲಿ ತೋರಿಸುತ್ತಾರೆ. ನಂಬಬೇಡಿ. ಲೋಳೆಸರದ ಎಲೆಯಲ್ಲಿ ನೀರು ಜಾಸ್ತಿ, ಬೇರು ಬಿಡುವ ಮೊದಲೇ ಕೊಳೆಯುತ್ತದೆ. ಕಾಂಡ ಬೇಕು, ಇಲ್ಲವೇ ಮರಿ ಬೇಕು.

ಒಣಗಿಸುವುದು

ಎಲ್ಲರೂ ಅವಸರ ಮಾಡುವುದು ಇಲ್ಲೇ. ಕತ್ತರಿಸಿದ ತುಂಡನ್ನು ಅದೇ ದಿನ ನೆಟ್ಟರೆ, ಹಸಿ ಗಾಯಕ್ಕೆ ಹಸಿ ಮಣ್ಣು ತಾಗಿ ಕೊಳೆ ಹತ್ತುತ್ತದೆ. ಗಾಯ ಪೂರ್ತಿ ಒಣಗಿ ಮೇಲೊಂದು ಪೊರೆ ಕಟ್ಟಬೇಕು. ಶಿರಸಿಯ ನವೆಂಬರ್ ಗಾಳಿಗೆ ಐದಾರು ದಿನ ಸಾಕು. ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರದ ಉಪ್ಪು ತೇವದ ಗಾಳಿಗೆ ಎಂಟರಿಂದ ಹತ್ತು ದಿನ ಬೇಕು. ಮಳೆಗಾಲದಲ್ಲಿ ನನಗೆ ಹಿಡಿದದ್ದು ಹದಿನೇಳು ದಿನ. ಆಗ ತುಂಡನ್ನು ಫ್ರಿಜ್ಜಿನ ಮೇಲಿಟ್ಟು, ರಾತ್ರಿಯೆಲ್ಲ ಫ್ಯಾನ್ ಬಿಟ್ಟಿದ್ದೆ. ಮೂರನೇ ದಿನ ಗಾಯದ ಮೇಲೆ ಬಿಳಿ ಬೂಸ್ಟು ಬಂತು. ಸ್ಪಿರಿಟ್ಟಿನ ಹತ್ತಿಯಲ್ಲಿ ಒರೆಸಿ, ತೆಳ್ಳಗೆ ಒಂದು ಚೂರು ಕೆತ್ತಿ, ಮತ್ತೆ ಮೊದಲಿಂದ ದಿನ ಎಣಿಸಿದೆ.

ತುಂಡನ್ನು ಅಡ್ಡ ಮಲಗಿಸಬೇಡಿ. ವಾರ ಮಲಗಿದರೆ ತುದಿ ಬೆಳಕಿನ ಕಡೆ ಬಾಗಿ, ಆಮೇಲೆ ನೆಟ್ಟಾಗ ಸೊಟ್ಟ ನಿಲ್ಲುತ್ತದೆ. ಖಾಲಿ ಲೋಟದಲ್ಲೋ ಖಾಲಿ ಕುಂಡದಲ್ಲೋ ನೆಟ್ಟಗೆ ನಿಲ್ಲಿಸಿ, ಗಾಯಕ್ಕೆ ಗಾಳಿ ಆಡುವಂತಿರಲಿ. ನೇರ ಬಿಸಿಲು ಬೇಡ. ಅಮ್ಮ ತನ್ನ ತುಂಡನ್ನು ಅಡಿಕೆ ಒಣಗಿಸುವ ಅಟ್ಟದ ಕೆಳಗೆ ನೆರಳಲ್ಲಿ ನಿಲ್ಲಿಸಿ, ಚಾಲಿ (ಸಿಪ್ಪೆ ಸಮೇತ ಒಣಗಿಸುವ ಹಣ್ಣಡಿಕೆ) ಒಣಗಿತಾ ಎಂದು ನೋಡುವ ಹಾಗೆಯೇ ದಿನಾ ಉಗುರಲ್ಲಿ ಬಡಿದು ನೋಡುತ್ತಿದ್ದಳು. ಪರೀಕ್ಷೆ ಅದೇ. ಗಾಯ ಒತ್ತಿದರೆ ಮೆತ್ತಗಾಗಬಾರದು, ಬೆರಳಿಗೆ ಜಿಗುಟು ಬರಬಾರದು. ಹಳೇ ಚಪ್ಪಲಿಯ ಅಟ್ಟೆಯಷ್ಟು ಗಟ್ಟಿಯಾಗಿ, ಉಗುರಿಗೆ ಟಕ್ ಎನ್ನಬೇಕು. ಈ ನಡುವೆ ಎಲೆಗಳು ಸ್ವಲ್ಪ ಸೊರಗುತ್ತವೆ, ಒಳಗೆ ಕುಳಿಯಾಗುತ್ತವೆ. ಇರಲಿ ಬಿಡಿ. ಎಲೆಯೊಳಗಿನ ನೀರಲ್ಲೇ ಅದು ತಿಂಗಳುಗಟ್ಟಲೆ ಬದುಕುತ್ತದೆ.

ಗಾಯಕ್ಕೆ ಏನಾದರೂ ಹಚ್ಚಬೇಕಾ? ದಾಲ್ಚಿನ್ನಿ ಪುಡಿ, ಅರಿಶಿನ, ಒಲೆ ಬೂದಿ ಎಂದು ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಹಚ್ಚಿದರೆ ತಪ್ಪಿಲ್ಲ, ಹಚ್ಚದಿದ್ದರೂ ನಡೆಯುತ್ತದೆ. ತೋಟದ ಮನೆಯಲ್ಲಿ ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಔಷಧಿಯ ಮೈಲುತುತ್ತ, ಸುಣ್ಣ ಹೇಗೂ ಇರುತ್ತದೆ. ಅಪ್ಪ ಅದನ್ನೇ ಕಲಸಿ ಬಳಿಯಲು ಹೊರಟಿದ್ದರು. ನಾನು ಬೇಡ ಎಂದೆ. ನಾಳೆ ಅದೇ ಗಿಡದ ಎಲೆಯನ್ನು ಮುಖಕ್ಕೆ ತಿಕ್ಕಿಕೊಳ್ಳುವವರು ಮನೆಯಲ್ಲಿ ಇದ್ದಾರಲ್ಲ.

ಕುಂಡ ಮತ್ತು ಮಣ್ಣು

ತುಂಡು ಒಣಗುವಷ್ಟರಲ್ಲಿ ಮಣ್ಣು ಸಿದ್ಧ ಮಾಡಿಕೊಳ್ಳಿ. ಕುಂಡ ಮಣ್ಣಿನದಾದರೆ ಒಳ್ಳೆಯದು, ಪೇಂಟ್ ಬಳಿಯದ ಕೆಂಪು ಕುಂಡ. ಅದರ ಗೋಡೆಯಿಂದಲೇ ತೇವ ಆರುತ್ತದೆ. ಕರಾವಳಿಯಲ್ಲಿ ಇದು ದೊಡ್ಡ ಉಪಕಾರ. ಆರೇಳು ಇಂಚು ಅಗಲ ಸಾಕು, ಬೇರಿನ ಗಡ್ಡೆಗಿಂತ ಸುತ್ತ ಒಂದಿಂಚು ಜಾಸ್ತಿ. ತಳದಲ್ಲಿ ತೂತು ಇರಲೇಬೇಕು. ಅಂಗಡಿಯಲ್ಲಿ ಕೊಳ್ಳುವಾಗ ತಿರುಗಿಸಿ ನೋಡಿ. ತೂತಿನ ಗುರುತು ಮಾತ್ರ ಇದ್ದು ತೂತೇ ಇಲ್ಲದ ಪ್ಲಾಸ್ಟಿಕ್ ಕುಂಡವನ್ನು ನನಗೆ ಒಬ್ಬರು ಮಾರಿದ್ದಾರೆ.

ನಮ್ಮ ಕೆಂಪು ಜಂಬಿಟ್ಟಿಗೆ ಮಣ್ಣು ಒಂದನ್ನೇ ತುಂಬಿದರೆ ಮಳೆಯಲ್ಲಿ ಅಂಟು, ಬೇಸಿಗೆಯಲ್ಲಿ ಇಟ್ಟಿಗೆ. ಅದಕ್ಕೆ ಗಾಳಿ ಆಡುವ ಹಾಗೆ ಮಾಡಬೇಕು. ನಾನು ಹಾಕುವ ಲೆಕ್ಕ ಹೀಗೆ: ಒಂದು ಪಾಲು ಮಣ್ಣು, ಒಂದು ಪಾಲು ದಪ್ಪ ಹೊಳೆ ಮರಳು, ಒಂದು ಪಾಲು ಹಂಚಿನ ಚೂರು. ನಮ್ಮ ಕಡೆ ಯಾರ ಮನೆಯ ಹಿಂದೆ ನೋಡಿದರೂ ಒಡೆದ ಮಂಗಳೂರು ಹಂಚು ಬಿದ್ದಿರುತ್ತದೆ. ಗೋಣಿಚೀಲದಲ್ಲಿ ಹಾಕಿ ಸುತ್ತಿಗೆಯಿಂದ ಕುಟ್ಟಿ. ತೊಗರಿಬೇಳೆಯಿಂದ ಕಡಲೆಕಾಳಿನವರೆಗಿನ ಗಾತ್ರದ್ದನ್ನು ಜರಡಿ ಹಿಡಿದು ಇಟ್ಟುಕೊಳ್ಳಿ, ಹಿಟ್ಟನ್ನು ಎಸೆಯಿರಿ. ಚಿರೆಕಲ್ಲಿನ ಚೂರೂ ಆಗುತ್ತದೆ. ಇದರ ಮೇಲೆ ಎರಡು ಹಿಡಿ ಬಚ್ಚಲ ಒಲೆಯ ಇದ್ದಿಲು, ಒಂದು ಹಿಡಿ ಪೂರ್ತಿ ಕಳಿತ ಸಗಣಿ ಗೊಬ್ಬರ. ಒಂದೇ ಹಿಡಿ. ಹಸಿ ಗೊಬ್ಬರ ಬೇಡವೇ ಬೇಡ.

ಸಮುದ್ರದ ಮರಳು ತರಬೇಡಿ. ಬೀಚ್ ಎದುರಿಗೇ ಇದೆ, ಪುಕ್ಕಟೆ ಸಿಗುತ್ತದೆ ಎಂದು ಆಸೆಯಾಗುತ್ತದೆ, ಗೊತ್ತು. ಅದರ ಉಪ್ಪು ಬೇರನ್ನು ಸುಡುತ್ತದೆ. ತೆಂಗಿನ ನಾರಿನ ಪುಡಿಯನ್ನೂ ನಾನು ಹಾಕುವುದಿಲ್ಲ. ನರ್ಸರಿಯಿಂದ ತಂದ ಗಿಡಗಳು ಬಹಳ ಸಲ ಪೂರ್ತಿ ಅದರಲ್ಲೇ ಇರುತ್ತವೆ. ನೀರು ಹೀರಿ ಹಿಡಿದಿಡುವುದೇ ಅದರ ಗುಣ. ಬಯಲುಸೀಮೆಯಲ್ಲಿ ಅದು ಸರಿ, ಇಲ್ಲಿ ಬೇಡ.

ತಳಕ್ಕೆ ದಪ್ಪ ಜಲ್ಲಿ ಹಾಕಿದರೆ ನೀರು ಬೇಗ ಇಳಿಯುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ನಾನೂ ಹಾಕುತ್ತಿದ್ದೆ. ನಿಜದಲ್ಲಿ ಸಣ್ಣ ಕಣದ ಮಣ್ಣು ನೀರನ್ನು ಹಿಡಿದುಕೊಂಡು, ತಾನು ಪೂರ್ತಿ ನೆನೆಯುವವರೆಗೆ ಕೆಳಗಿನ ಜಲ್ಲಿಗೆ ಬಿಡುವುದಿಲ್ಲ. ಒದ್ದೆ ಮಣ್ಣಿನ ಪದರ ಜಲ್ಲಿ ಎಷ್ಟು ಎತ್ತರವಿದೆಯೋ ಅಷ್ಟು ಮೇಲೆ, ಬೇರಿನ ಹತ್ತಿರಕ್ಕೇ ಬರುತ್ತದೆ. ತೂತಿನ ಮೇಲೆ ಮಣ್ಣು ಸೋರದಂತೆ ಒಂದು ಹಂಚಿನ ಚೂರು ಕವುಚಿ ಇಟ್ಟರೆ ಆಯಿತು. ಉಳಿದ ಚೂರು ಮಣ್ಣಿನೊಳಗೆ ಬೆರೆಯಲಿ.

ಮಿಶ್ರಣ ಸರಿಯಾಯಿತಾ ಎಂದು ತಿಳಿಯಲು ಖಾಲಿ ಕುಂಡಕ್ಕೇ ತುಂಬಿ ಒಂದು ಲೋಟ ನೀರು ಹಾಕಿ. ಮೇಲೆ ನಿಲ್ಲದೆ ಇಳಿದು, ಹತ್ತು ಎಣಿಸುವಷ್ಟರಲ್ಲಿ ಕೆಳಗೆ ಹನಿಯಲು ಶುರುವಾಗಬೇಕು. ಮೇಲೆ ಕೆರೆ ಕಟ್ಟಿತು ಅಂದರೆ ಇನ್ನಷ್ಟು ಚೂರು ಸೇರಿಸಿ. ಪರೀಕ್ಷೆ ಮಾಡಿದ ಮಣ್ಣನ್ನು ಬಿಸಿಲಿಗೆ ಹರಡಿ ಒಣಗಿಸಿಯೇ ನೆಡಬೇಕು.

ನೆಡುವುದು, ಆಮೇಲೆ ಸುಮ್ನೆ ಕೂರುವುದು

ನೆಡುವುದು ಐದು ನಿಮಿಷದ ಕೆಲಸ. ಕುಂಡದ ಮುಕ್ಕಾಲು ಭಾಗ ಒಣ ಮಣ್ಣು ತುಂಬಿ, ನಡುವೆ ಕಾಂಡ ನಿಲ್ಲಿಸಿ, ಸುತ್ತ ಮಣ್ಣು ಹಾಕಿ. ಕೆಳಗಿನ ಎಲೆಯ ಬುಡ ಮಣ್ಣಿನ ಮೇಲೆಯೇ ಇರಲಿ. ಎಲೆ ಗೊಂಚಲಿನ ನಡುವೆ ಮಣ್ಣು ಬೀಳದಂತೆ ನೋಡಿಕೊಳ್ಳಿ. ಬೇರಿಲ್ಲದ ತುಂಡು ತಲೆಭಾರಕ್ಕೆ ವಾಲುತ್ತದೆ. ಎರಡು ಅಡಿಕೆ ದಬ್ಬೆಯ ಚೂರನ್ನು ಪಕ್ಕದಲ್ಲಿ ಚುಚ್ಚಿ ಬಾಳೆನಾರಿನಿಂದ ಸಡಿಲವಾಗಿ ಕಟ್ಟಿ. ಮೇಲೆ ಒಂದು ಪದರ ಹಂಚಿನ ಚೂರು ಹರಡಿದರೆ ಕೆಳಗಿನ ಎಲೆಗಳಿಗೆ ತೇವ ತಾಗುವುದಿಲ್ಲ.

ಈಗ ನೀರು ಹಾಕಬೇಡಿ. ಗೊತ್ತು, ಕೈ ತಡೆಯುವುದಿಲ್ಲ. ಬಾಳೆ ಹಿಳ್ಳು ನೆಟ್ಟರೂ, ಮೆಣಸಿನ ಬಳ್ಳಿ ನೆಟ್ಟರೂ ಮೊದಲು ನೀರು ಎರೆದು ಅಭ್ಯಾಸವಾದ ಜನ ನಾವು. ಲೋಳೆಸರಕ್ಕೆ ಹಾಗಲ್ಲ. ಬೇರು ಇದ್ದ ಗಿಡವಾದರೆ ನಾಲ್ಕೈದು ದಿನ ಬಿಟ್ಟು ನೀರು ಕೊಡಿ, ಹರಿದ ಬೇರಿನ ಗಾಯ ಅಷ್ಟರಲ್ಲಿ ಒಣಗಿರುತ್ತದೆ. ಬೇರಿಲ್ಲದ ತುಂಡಾದರೆ ಎರಡು ವಾರ ಮುಟ್ಟಲೇಬೇಡಿ. ಆಮೇಲೆ ಅಂಚಿನ ಸುತ್ತ ಅರ್ಧ ಲೋಟ. ಮತ್ತೆ ಹತ್ತು ದಿನ ಬಿಡಿ.

ಮೂರರಿಂದ ಆರು ವಾರದಲ್ಲಿ ಬೇರು ಬರುತ್ತದೆ. ಎಲೆ ಹಿಡಿದು ಹಗುರವಾಗಿ ಎತ್ತಿ ನೋಡಿ. ಮಣ್ಣು ಹಿಡಿದು ಎಳೆದಂತಾದರೆ ಬೇರು ಬಂತು. ಆದರೆ ದಿನಾ ಎತ್ತಿ ನೋಡಬೇಡಿ. ಪಕ್ಕದ ಮನೆಯವರು ಅದೇ ಮಾಡಿ ಬಂದ ಎಳೆ ಬೇರನ್ನೂ ಹರಿದರು. ನಂಬಬಹುದಾದ ಗುರುತು ಎಂದರೆ ನಟ್ಟನಡುವೆ ಹೊಸ ಎಲೆ ಮೂಡುವುದು, ಅದರ ಹಸಿರು ಉಳಿದವಕ್ಕಿಂತ ತಿಳಿಯಾಗಿರುತ್ತದೆ. ಆ ನಡುವೆ ಹಳೆ ಎಲೆಗಳು ತುಸು ಕಂದುಗೆಂಪು ಆದರೆ ಗಾಬರಿ ಬೇಡ, ಬೇರು ಕೂತ ಮೇಲೆ ಮತ್ತೆ ಹಸಿರಾಗುತ್ತವೆ. ಎಲೆ ಮೆತ್ತಗಾಗಿ ನೀರು ನೀರಾಗಿ ಹಳದಿ ಆದರೆ ಮಾತ್ರ ಕೂಡಲೇ ಕಿತ್ತು ಬುಡ ನೋಡಿ.

ಹಳೇ ಬುಡವನ್ನು ಎಸೆಯಬೇಡಿ

ತಲೆ ಕತ್ತರಿಸಿದ ಮೇಲೆ ಕುಂಡದಲ್ಲಿ ಉಳಿಯುವ ಮೋಟು ಕಾಂಡ ನೋಡಲು ಏನೂ ಚಂದವಿಲ್ಲ. ಆದರೆ ಅದರ ಬೇರು ಗಟ್ಟಿಯಿದ್ದರೆ ಅದೇ ಲಾಭದ ಭಾಗ. ಗಾಯ ಒಣಗಲು ಬಿಟ್ಟು, ಬೆಳಕಿರುವ ಜಾಗದಲ್ಲಿಟ್ಟು, ಮಣ್ಣು ಪೂರ್ತಿ ಒಣಗಿದಾಗ ಅಷ್ಟಿಷ್ಟು ನೀರು ಕೊಡುತ್ತಿರಿ. ಒಂದೆರಡು ತಿಂಗಳಲ್ಲಿ ಬುಡದಿಂದ, ಕೆಲವೊಮ್ಮೆ ಕಾಂಡದ ಪಕ್ಕದಿಂದಲೇ, ಮರಿ ಏಳುತ್ತದೆ. ಅಮ್ಮನ ಮೋಟಿನಿಂದ ಸಂಕ್ರಾಂತಿ ಹೊತ್ತಿಗೆ ನಾಲ್ಕು ಮರಿ ಬಂದಿದ್ದವು. ನನ್ನದು ಕೊಳೆತಿದ್ದರಿಂದ ಆ ಭಾಗ್ಯ ನನಗೆ ಸಿಗಲಿಲ್ಲ.

ಮರಿಗಳನ್ನು ನಾಲ್ಕೈದು ಇಂಚು ಎತ್ತರವಾಗಿ ಸ್ವಂತ ಬೇರು ಬಿಟ್ಟ ಮೇಲೆಯೇ ಬೇರ್ಪಡಿಸಿ. ಅಷ್ಟರ ಮೊದಲು ಕಿತ್ತರೆ ತಾಯಿಯ ಹಂಗಿಲ್ಲದೆ ಸೊರಗುತ್ತವೆ.

ಎಲ್ಲಿಡಬೇಕು

ದಿನಕ್ಕೆ ಐದಾರು ಗಂಟೆ ಬಿಸಿಲು ಬೀಳುವ ಜಾಗ ಹುಡುಕಿ. ಕಿಟಕಿಯ ದಿಕ್ಕು ಇಲ್ಲಿ ಮುಖ್ಯವಾಗುತ್ತದೆ. ನಮ್ಮ ಜಿಲ್ಲೆಯಲ್ಲಿ ಸೂರ್ಯ ನೆತ್ತಿಗಿಂತ ಉತ್ತರಕ್ಕೆ ಸರಿಯುವುದು ಸುಮಾರು ಏಪ್ರಿಲ್ ಕೊನೆಯಿಂದ ಆಗಸ್ಟ್ ಎರಡನೇ ವಾರದವರೆಗೆ. ಅದರಲ್ಲಿ ಜೂನ್ ನಂತರ ಮೋಡವೇ. ಅಂದರೆ ಉತ್ತರದ ಕಿಟಕಿಗೆ ವರ್ಷದಲ್ಲಿ ಸರಿಯಾದ ಬಿಸಿಲು ಮೇ ತಿಂಗಳಲ್ಲಿ ಮಾತ್ರ. ನನ್ನ ಗಿಡ ಇಣುಕಿದ್ದರಲ್ಲಿ ಆಶ್ಚರ್ಯವೇನಿದೆ? ಪೂರ್ವದ ಜಗಲಿ ಎಲ್ಲಕ್ಕಿಂತ ಒಳ್ಳೆಯದು, ದಕ್ಷಿಣವೂ ಸರಿ. ಪಶ್ಚಿಮದ ಬಾಲ್ಕನಿಯಾದರೆ ಮಾರ್ಚ್‌ನಿಂದ ಮೇವರೆಗೆ ಮಧ್ಯಾಹ್ನದ ಬಿಸಿಲಿಗೆ ಒಂದು ತೆಳು ಪರದೆ ಬೇಕು. ಶಿರಸಿ ಕಡೆ ತೋಟದ ಅಂಚಿನ ಮನೆಗಳಲ್ಲಿ ಅಡಿಕೆ ಮರದ ನೆರಳೇ ತೊಂದರೆ. ಅಮ್ಮ ಈಗ ಕುಂಡವನ್ನು ಅಡಿಕೆ ಒಣಗಿಸುವ ಅಂಗಳದ ಮೂಲೆಗೆ ಇಟ್ಟಿದ್ದಾಳೆ. ಮನೆಯ ಅತಿ ಒಳ್ಳೆಯ ಬಿಸಿಲು ಅಲ್ಲೇ ತಾನೇ ಬೀಳುವುದು.

ಒಳಗಿದ್ದ ಗಿಡವನ್ನು ಒಂದೇ ದಿನ ಬಿಸಿಲಿಗೆ ತಳ್ಳಬೇಡಿ. ಎಲೆ ಸುಟ್ಟು ಕಂದು ಕಲೆಯಾಗುತ್ತದೆ, ಆ ಕಲೆ ಹೋಗುವುದಿಲ್ಲ. ಮೊದಲ ಮೂರು ದಿನ ಬೆಳಗಿನ ಒಂದು ಗಂಟೆ, ಆಮೇಲೆ ಎರಡು, ಹೀಗೆ ಎರಡು ವಾರದಲ್ಲಿ ರೂಢಿ ಮಾಡಿಸಿ. ವಾರಕ್ಕೊಮ್ಮೆ ಕುಂಡವನ್ನು ಕಾಲು ಸುತ್ತು ತಿರುಗಿಸಿದರೆ ಗಿಡ ನೆಟ್ಟಗೆ ಬೆಳೆಯುತ್ತದೆ.

ನೀರು ಯಾವಾಗ ಎನ್ನುವುದಕ್ಕೆ ಹಿಡಿಕಡ್ಡಿ ಇಟ್ಟುಕೊಳ್ಳಿ. ಪೊರಕೆಯಿಂದ ತೆಂಗಿನ ಕಡ್ಡಿಯೊಂದನ್ನು ಎಳೆದು ಕುಂಡದ ತಳದವರೆಗೆ ಚುಚ್ಚಿ, ಐದು ನಿಮಿಷ ಬಿಟ್ಟು ತೆಗೆಯಿರಿ. ಕಡ್ಡಿಗೆ ಮಣ್ಣು ಅಂಟಿದ್ದರೆ, ಬಣ್ಣ ಕಪ್ಪಾಗಿದ್ದರೆ ಇವತ್ತು ನೀರಿಲ್ಲ. ಒಣಗಿ ಬಂದರೆ ತೂತಿನಿಂದ ಹರಿಯುವಷ್ಟು ಧಾರಾಳ ಕೊಡಿ, ಆಮೇಲೆ ಮತ್ತೆ ಮರೆತುಬಿಡಿ. ಬೇಸಿಗೆಯಲ್ಲಿ ನನಗೆ ಇದು ಎಂಟು ಹತ್ತು ದಿನಕ್ಕೊಮ್ಮೆ ಆಗುತ್ತದೆ, ಚಳಿಗಾಲದಲ್ಲಿ ಎರಡು ವಾರಕ್ಕೊಮ್ಮೆ.

ಮಳೆಗಾಲ

ಜೂನ್ ಬಂತೆಂದರೆ ಕುಂಡ ಮಾಡಿನ ಕೆಳಗೆ ಬರಬೇಕು. ಇರಿಚಲು ಹೊಡೆಯದ, ಆದರೆ ಆದಷ್ಟು ಬೆಳಕಿರುವ ಜಾಗ. ನೆಲಕ್ಕೆ ಇಡಬೇಡಿ, ಎರಡು ಇಟ್ಟಿಗೆಯ ಮೇಲಿಡಿ. ಕೆಳಗಿನ ತಟ್ಟೆ ತೆಗೆದುಬಿಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನನ್ನ ಗಿಡಕ್ಕೆ ತಿಂಗಳಿಗೆ ಒಂದು ಸಲವೂ ನೀರು ಸಿಗುವುದಿಲ್ಲ. ಗಾಳಿಯ ತೇವಕ್ಕೆ ಮಣ್ಣೇ ಒಣಗುವುದಿಲ್ಲ. ಎಲೆ ತೀರಾ ಕುಳಿ ಬಿದ್ದರೆ ಮಾತ್ರ ಅರ್ಧ ಲೋಟ. ನಾಲ್ಕು ತಿಂಗಳ ಮೋಡಕ್ಕೆ ಗಿಡ ಸ್ವಲ್ಪ ಉದ್ದವಾಗಿಯೇ ಆಗುತ್ತದೆ. ಅದನ್ನು ತಡೆಯಲು ಹೋಗಿ ಮಳೆಗೆ ಇಡುವುದಕ್ಕಿಂತ, ಉದ್ದವಾಗಲಿ ಬಿಡಿ. ಅಕ್ಟೋಬರ್‌ನಲ್ಲಿ ಒಂದಿಂಚು ಆಳಕ್ಕೆ ಮತ್ತೆ ನೆಟ್ಟರಾಯಿತು.

ಎಲೆಯ ಬುಡದಲ್ಲಿ ಬಿಳಿ ಹತ್ತಿಯಂಥದ್ದು ಕಂಡರೆ ಹಿಟ್ಟು ತಿಗಣೆ. ಇರುವೆ ಸಾಲು ಹತ್ತಿದ್ದರೆ ಅನುಮಾನವೇ ಬೇಡ. ಸ್ಪಿರಿಟ್ ಹತ್ತಿಯಲ್ಲಿ ಒರೆಸಿ, ಬೇವಿನೆಣ್ಣೆಗೆ ನಾಲ್ಕು ಹನಿ ಸೋಪು ಬೆರೆಸಿದ ನೀರನ್ನು ಸಂಜೆ ಸಿಂಪಡಿಸಿ. ಸಮುದ್ರಕ್ಕೆ ತೀರಾ ಹತ್ತಿರದ ಮನೆಯಾದರೆ ಬೇಸಿಗೆಯಲ್ಲಿ ಎಲೆ ಮೇಲೆ ಉಪ್ಪು ಕೂರುತ್ತದೆ, ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು.

ಎಲೆ ಕೊಯ್ಯುವವರಿಗೆ

ಹೊಸದಾಗಿ ನೆಟ್ಟ ಗಿಡದಿಂದ ನಾಲ್ಕು ತಿಂಗಳು ಎಲೆ ಕೊಯ್ಯಬೇಡಿ. ಆಮೇಲೂ ಹೊರಗಿನ ಸುತ್ತಿನ ಹಳೆ ಎಲೆಯನ್ನು, ಒಂದು ಸಲಕ್ಕೆ ಒಂದೋ ಎರಡೋ. ಕೊಯ್ದ ಎಲೆಯನ್ನು ಲೋಟದಲ್ಲಿ ಬುಡ ಕೆಳಗಾಗಿ ಹದಿನೈದು ನಿಮಿಷ ನಿಲ್ಲಿಸಿ. ಹಳದಿ ರಸ ಸೋರುತ್ತದೆ, ಅದನ್ನು ಚೆಲ್ಲಿ. ಒಣಗಿಸಿದರೆ ಕರಿಬೋಳ ಎಂಬ ನಾಟಿ ಔಷಧಿ ಆಗುವುದು ಇದೇ ರಸ. ಹೊಟ್ಟೆಗೆ ಹೋದರೆ ಜೋರು ಭೇದಿಯಾಗುತ್ತದೆ, ಕೆಲವರ ಚರ್ಮಕ್ಕೂ ತುರಿಕೆ. ಬಸುರಿಯರು ಹೊಟ್ಟೆಗೆ ತೆಗೆದುಕೊಳ್ಳಲೇಬಾರದು. ಮನೆಯಲ್ಲಿ ಬೆಕ್ಕು ನಾಯಿ ಇದ್ದರೆ ಅವು ಎಲೆ ಜಗಿಯದಂತೆ ನೋಡಿಕೊಳ್ಳಿ, ಅವಕ್ಕೆ ಇದು ವಿಷ.

ಕಳೆದ ದೀಪಾವಳಿ ಹೊತ್ತಿಗೆ ನನ್ನ ಗಿಡದ ಪಕ್ಕದಲ್ಲಿ ನಾಲ್ಕು ಮರಿ ಇದ್ದವು. ಒಂದನ್ನು ಕೆಳಗಿನ ಮನೆಯವರಿಗೆ ಕೊಟ್ಟೆ. ಬಿಸಿಲಲ್ಲಿಡಿ, ನೀರು ಹಾಕಬೇಡಿ ಎಂದು ಎರಡು ಸಲ ಹೇಳಿದೆ, ಹೂಂ ಹೂಂ ಎಂದರು. ಮೊನ್ನೆ ಸಕ್ಕರೆ ಕೇಳಲು ಹೋದಾಗ ನೋಡಿದೆ. ಮರಿ ಅವರ ಅಡುಗೆಮನೆಯ ಉತ್ತರದ ಕಿಟಕಿಯಲ್ಲಿತ್ತು, ಕೆಳಗಿನ ತಟ್ಟೆಯ ತುಂಬ ನೀರು. ಅವರು ಸಕ್ಕರೆ ಅಳೆಯುವಷ್ಟರಲ್ಲಿ ತಟ್ಟೆಯ ನೀರನ್ನು ಸಿಂಕಿಗೆ ಚೆಲ್ಲಿ ಬಂದೆ.